ಅಪ್ರಕಟಿತ ಗೀತಗಳ ಗುಪ್ತಸಂಗ್ರಹ: ಬಾಬ್ ಡಿಲನನ ಧ್ವನಿಮುದ್ರಿಕೆಗಳ ಚರಿತ್ರೆ

೧. ವಿಷಯನಿರ್ದೇಶ

ಕವಿಯು ತಾನಾಗಿ ಪ್ರಕಟಿಸದೆ ಉಳಿಸಿದ ಕೃತಿಯು ಲೋಕಕ್ಕೆ ಸೇರಿದುದೋ ಅಥವಾ ಅವನೊಬ್ಬನಿಗೇ ಸೇರಿದುದೋ ಎಂಬ ಪ್ರಶ್ನೆಯು ಸಾಹಿತ್ಯಚರಿತ್ರೆಯಲ್ಲಿ ಬಹಳ ಹಳೆಯದು. ವರ್ಜಿಲನು ಮರಣಕಾಲದಲ್ಲಿ ತನ್ನ 'ಈನಿಯಡ್' ಕಾವ್ಯವನ್ನು ಸುಟ್ಟುಬಿಡಬೇಕೆಂದು ಕೇಳಿಕೊಂಡನೆಂದೂ, ಅಗಸ್ಟಸ್ ಚಕ್ರವರ್ತಿಯು ಅದಕ್ಕೆ ಎಡೆಗೊಡಲಿಲ್ಲವೆಂದೂ ಪ್ರಾಚೀನರು ಬರೆದಿರುವರು. ಇಪ್ಪತ್ತನೆಯ ಶತಮಾನದಲ್ಲಿ ಧ್ವನಿಮುದ್ರಣ ಯಂತ್ರವು ಮನೆಮನೆಗೂ ಬಂದಮೇಲೆ ಈ ಪ್ರಶ್ನೆಯು ಸಂಗೀತದ ಕ್ಷೇತ್ರವನ್ನೂ ಹೊಕ್ಕಿತು. ಗಾಯಕನು ಹಾಡಿದುದು, ಆದರೆ ಹೊರಗೆಡಹಲು ಒಪ್ಪದಿದ್ದುದು, ಅವನ ಅನುಮತಿಯಿಲ್ಲದೆಯೇ ಸಾವಿರಾರು ಮಂದಿಯ ಕೈಸೇರಿತು. ಅಮೆರಿಕದ ಗೀತಕಾರನಾದ ಬಾಬ್ ಡಿಲನನ ಅಪ್ರಕಟಿತ ಗೀತಗಳ ಸಂಗ್ರಹವು ಇದಕ್ಕೆ ಎಲ್ಲಕ್ಕಿಂತ ಸ್ಫುಟವಾದ ಉದಾಹರಣೆ. ೨೦೧೬ರಲ್ಲಿ ಡಿಲನನಿಗೆ ಸಾಹಿತ್ಯಕ್ಕಾಗಿ ನೊಬೆಲ್ ಪಾರಿತೋಷಕವು ದೊರೆತಮೇಲೆ ಈ ಸಂಗ್ರಹದ ವೃತ್ತಾಂತವು ಕೇವಲ ಸಂಗೀತವಿನೋದಿಗಳ ವಿಷಯವಾಗಿ ಉಳಿಯದೆ, ಗ್ರಂಥಸಂಪಾದನೆಯಲ್ಲಿ ಆಸಕ್ತಿಯುಳ್ಳವರೆಲ್ಲರೂ ವಿಚಾರಮಾಡತಕ್ಕ ವಿಷಯವಾಗಿ ಪರಿಣಮಿಸಿದೆ.

ಇಂಗ್ಲಿಷಿನಲ್ಲಿ ಇಂತಹ ಮುದ್ರಿಕೆಗೆ 'ಬೂಟ್‌ಲೆಗ್' ಎಂದು ಹೆಸರು. ಬೂಟಿನ ಉದ್ದನೆಯ ಕಾಲುಭಾಗದಲ್ಲಿ ಮದ್ಯದ ಸೀಸೆಯನ್ನು ಅಡಗಿಸಿ ಸಾಗಿಸುತ್ತಿದ್ದುದರಿಂದ ಹುಟ್ಟಿದ ಈ ಮಾತು, ೧೯೨೦ರಿಂದ ೧೯೩೩ರವರೆಗೆ ಅಮೆರಿಕದಲ್ಲಿ ಪಾನನಿರೋಧವಿದ್ದ ಕಾಲದಲ್ಲಿ ಕಳ್ಳಬಟ್ಟಿಯವರ ವ್ಯವಹಾರಕ್ಕೆ ರೂಢವಾಗಿ, ಬಳಿಕ ಗ್ರಾಮಫೋನ್ ತಟ್ಟೆಗಳಿಗೂ ಅನ್ವಯಿಸಿತು. ಇಲ್ಲಿ ಮೂರು ಬಗೆಗಳನ್ನು ಬೇರ್ಪಡಿಸಿ ತಿಳಿಯುವುದು ಅವಶ್ಯಕ. ಪ್ರಕಟವಾದ ತಟ್ಟೆಯನ್ನು ಅದರ ಹೊದಿಕೆ, ಚೀಟಿ, ಕಂಪೆನಿಯ ಗುರುತು ಸಹಿತವಾಗಿ ಅನುಕರಿಸಿ ಮಾರುವುದು ಖೋಟಾಮುದ್ರಣ. ಪ್ರಕಟವಾದ ಹಾಡುಗಳನ್ನೇ ಬೇರೊಂದು ಹೊದಿಕೆಯಲ್ಲಿಟ್ಟು ಮಾರುವುದು ಕಳ್ಳಪ್ರತಿ. ಈ ಎರಡರಲ್ಲಿಯೂ ಹೊಸದೇನೂ ಇಲ್ಲ, ಲಾಭವೊಂದೇ ಉದ್ದೇಶ. ಮೂರನೆಯದು, ಎಂದರೆ ಎಲ್ಲಿಯೂ ಪ್ರಕಟವಾಗದೆ ಇದ್ದ ಹಾಡನ್ನು ಹೊರಗೆ ತರುವುದು, ಪ್ರಕೃತ ಲೇಖನಕ್ಕೆ ಸಂಬಂಧಪಟ್ಟುದು. ಇದನ್ನು ಮುಂದೆ 'ಗುಪ್ತಮುದ್ರಿಕೆ' ಎಂದು ಕರೆಯಲಾಗುವುದು. ಗುಪ್ತಮುದ್ರಿಕೆಯಲ್ಲಿ ಅಪರಾಧವೂ ಉಂಟು, ಆವಿಷ್ಕಾರವೂ ಉಂಟು. ಇವೆರಡನ್ನೂ ಒಂದರಿಂದೊಂದನ್ನು ಬಿಡಿಸಲಾಗದಿರುವುದೇ ಈ ವಿಷಯದ ತೊಡಕು.

೨. ಪೂರ್ವೇತಿಹಾಸ

ಈ ಕಾರ್ಯಕ್ಕೆ ಮೊದಲಿಗನೆಂದು ಸಾಮಾನ್ಯವಾಗಿ ಹೇಳಲ್ಪಡುವವನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾ ಗೃಹದ ಗ್ರಂಥಪಾಲನಾಗಿದ್ದ ಲಯನೆಲ್ ಮೇಪಲ್ಸನನು. ಆತನು ೧೯೦೧ರಿಂದ ೧೯೦೩ರವರೆಗೆ ಎಡಿಸನ್ ಯಂತ್ರವೊಂದನ್ನು ನಾಟ್ಯಗೃಹದೊಳಗೆ ಇಟ್ಟು, ರಂಗದ ಮೇಲೆ ನಡೆಯುತ್ತಿದ್ದ ಗಾನವನ್ನು ಮೇಣದ ಉರುಳೆಗಳಲ್ಲಿ ಹಿಡಿದನು. ಒಂದೊಂದು ಉರುಳೆಯೂ ಎರಡು ಮೂರು ನಿಮಿಷಗಳಿಗಿಂತ ಹೆಚ್ಚು ಕಾಲ ಓಡದು; ಧ್ವನಿಯು ದೂರದಿಂದ, ಗೊರಗೊರ ಶಬ್ದದ ನಡುವೆ ಕೇಳಿಬರುವುದು. ಆದರೂ ಆ ಕಾಲದಲ್ಲಿ ಅಪ್ರತಿಮನೆಂದು ಹೆಸರಾಗಿದ್ದ ಜಾನ್ ದ ರೆಷ್ಕೆಯ ಕಂಠವು ಇಂದು ಕೇಳಲು ದೊರೆಯುವುದು ಈ ಸವೆದ ಉರುಳೆಗಳಲ್ಲಿ ಮಾತ್ರವೇ. ನ್ಯೂಯಾರ್ಕ್ ಸಾರ್ವಜನಿಕ ಪುಸ್ತಕಾಲಯದವರು ಇವುಗಳನ್ನು ಕೂಡಿಹಾಕಿ ೧೯೮೫ರಲ್ಲಿ ತಟ್ಟೆಗಳಾಗಿ ಪ್ರಕಟಿಸಿದರು. ಮೇಪಲ್ಸನನು ಮಾರಾಟಕ್ಕಾಗಿ ಈ ಕೆಲಸವನ್ನು ಮಾಡಲಿಲ್ಲ. ಕೇಳಿದ ಗಾನವು ಗಾಳಿಯಲ್ಲಿ ಲೀನವಾಗಬಾರದೆಂಬ ಆಶೆಯೊಂದೇ ಅವನಿಗೆ ಪ್ರೇರಕವಾಗಿದ್ದಿತು. ಮುಂದಿನ ಸಂಗ್ರಾಹಕರಲ್ಲಿ ಉತ್ತಮರಾದವರಿಗೂ ಇದೇ ಆಶೆಯು ಮೂಲವಾಯಿತು.

ಮೇಣದ ಉರುಳೆಯನ್ನು ಬೇಕಾದಷ್ಟು ಪ್ರತಿಮಾಡುವುದು ಸುಲಭವಲ್ಲ; ಗ್ರಾಮಫೋನ್ ತಟ್ಟೆಗೆ ಕಾರ್ಖಾನೆ ಬೇಕು. ೧೯೩೫ರಲ್ಲಿ ಜರ್ಮನಿಯಲ್ಲಿ ಪ್ರದರ್ಶಿತವಾಗಿ, ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕಕ್ಕೆ ಬಂದ ಕಾಂತಪಟ್ಟಿಯ ಯಂತ್ರವು, ಎಂದರೆ ಟೇಪ್ ರೆಕಾರ್ಡರು, ಈ ಎರಡು ಅಡ್ಡಿಗಳನ್ನೂ ತೆಗೆದುಹಾಕಿತು. ಇದರಿಂದ ಯಾರು ಬೇಕಾದರೂ ಹಾಡನ್ನು ಹಿಡಿಯಬಹುದು. ಎರಡು ಯಂತ್ರಗಳನ್ನು ಜೋಡಿಸಿ ಯಾರು ಬೇಕಾದರೂ ಪ್ರತಿಮಾಡಿಕೊಳ್ಳಬಹುದು. ಹೀಗೆ ಧ್ವನಿಗೂ ಓಲೆಗರಿಯ ಕಾಲವು ಪ್ರಾಪ್ತವಾಯಿತೆಂದು ಹೇಳಿದರೆ ತಪ್ಪಾಗದು. ಒಂದು ಮಾತೃಕೆ, ಅದರಿಂದ ಪ್ರತಿ, ಆ ಪ್ರತಿಯಿಂದ ಪ್ರತಿ, ಹೀಗೆ ವಂಶಪರಂಪರೆಯು ಬೆಳೆಯಲಾರಂಭಿಸಿತು.

೩. ಡಿಲನನ ಅಪ್ರಕಟಿತ ಗೀತಗಳ ಮೂಲಗಳು

ಡಿಲನನು ೧೯೪೧ನೆಯ ಮೇ ೨೪ರಂದು ಮಿನೆಸೋಟ ಸಂಸ್ಥಾನದ ಡುಲೂತ್ ಎಂಬ ಊರಿನಲ್ಲಿ ಹುಟ್ಟಿದನು. ಅವನ ಮೊದಲ ಹೆಸರು ರಾಬರ್ಟ್ ಅಲೆನ್ ಜಿಮ್ಮರ್‌ಮನ್. ೧೯೬೧ರ ಜನವರಿಯಲ್ಲಿ ನ್ಯೂಯಾರ್ಕಿಗೆ ಬಂದು, ಆ ವರ್ಷದಲ್ಲಿಯೇ ಕೊಲಂಬಿಯ ಕಂಪೆನಿಯೊಡನೆ ಕರಾರು ಮಾಡಿಕೊಂಡನು. ಅವನ ಮೊದಲನೆಯ ತಟ್ಟೆಯು ೧೯೬೨ರ ಮಾರ್ಚಿಯಲ್ಲಿ ಹೊರಟಿತು. ಅಲ್ಲಿಂದ ಮುಂದೆ ಅವನು ಪ್ರಕಟಿಸಿದ ಹಾಡುಗಳ ಜೊತೆಜೊತೆಗೇ ಪ್ರಕಟಿಸದ ಹಾಡುಗಳೂ ರಾಶಿಬೀಳುತ್ತ ಬಂದುವು. ಇವುಗಳ ಮೂಲಗಳನ್ನು ಐದಾಗಿ ವಿಂಗಡಿಸಬಹುದು.

ಮೊದಲನೆಯದು, ಸ್ನೇಹಿತರ ಮನೆಗಳಲ್ಲಿ ಹಾಡಿದುದು. ೧೯೬೧ನೆಯ ಡಿಸೆಂಬರ್ ೨೨ರಂದು ಮಿನಿಯಾಪೊಲಿಸ್ ನಗರದಲ್ಲಿ ಗೆಳೆಯರ ಮುಂದೆ ಅವನು ಇಪ್ಪತ್ತಕ್ಕೂ ಮೇಲ್ಪಟ್ಟ ಹಾಡುಗಳನ್ನು ಹಾಡಿದನು. ಅವು ಟೇಪಿನಲ್ಲಿ ಉಳಿದುವು. ಎರಡನೆಯದು, ಗೀತಪ್ರಕಾಶಕರಿಗಾಗಿ ಹಾಡಿದುದು. ಹೊಸ ಹಾಡನ್ನು ಲಿಪಿಗಿಳಿಸಿ ನೋಂದಾಯಿಸುವುದಕ್ಕೂ, ಬೇರೆ ಗಾಯಕರಿಗೆ ಕಳುಹಿಸಿಕೊಡುವುದಕ್ಕೂ ಪ್ರಕಾಶಕರು ಗೀತಕಾರನಿಂದ ಸರಳವಾದ ಮಾದರಿಮುದ್ರಿಕೆಯನ್ನು ಪಡೆಯುವುದು ಆ ಕಸುಬಿನ ಪದ್ಧತಿ. ೧೯೬೨ರಿಂದ ೧೯೬೪ರವರೆಗೆ ಹೀಗೆ ಹಾಡಿದವುಗಳಲ್ಲಿ ೪೭ ಮುದ್ರಿಕೆಗಳು ೨೦೧೦ರಲ್ಲಿ ಅಧಿಕೃತವಾಗಿ ಪ್ರಕಟವಾದುವು. ಮೂರನೆಯದು, ಕಂಪೆನಿಯ ಮುದ್ರಣಶಾಲೆಯಲ್ಲಿಯೇ ಹಾಡಿ, ತಟ್ಟೆಗೆ ಸೇರಿಸದೆ ಬಿಟ್ಟುದು. ನಾಲ್ಕನೆಯದು, ರೇಡಿಯೋ ಮತ್ತು ಟೆಲಿವಿಷನ್ ಪ್ರಸಾರಗಳು. ಐದನೆಯದು, ಕಚೇರಿಗಳು, ಇವುಗಳಲ್ಲಿ ಕೆಲವನ್ನು ಕಂಪೆನಿಯವರೇ ಮುದ್ರಿಸಿದರು, ಹಲವನ್ನು ಸಭಿಕರು ಅಂಗಿಯೊಳಗೆ ಯಂತ್ರವನ್ನು ಬಚ್ಚಿಟ್ಟುಕೊಂಡು ಹೋಗಿ ಮುದ್ರಿಸಿದರು.

ಈ ಐದು ಮೂಲಗಳಿಗೂ ಪ್ರಾಮಾಣ್ಯದಲ್ಲಿ ತಾರತಮ್ಯವಿದೆ. ಪ್ರಸಾರವಾದುದನ್ನು ಗಾಯಕನು ಲೋಕಕ್ಕೆ ಒಮ್ಮೆ ಕೊಟ್ಟೇ ಇರುತ್ತಾನೆ. ಕಚೇರಿಯಲ್ಲಿ ಹಾಡಿದುದು ಬಹಿರಂಗವಾದುದೇ. ಆದರೆ ಮುದ್ರಣಶಾಲೆಯಲ್ಲಿ ಬಿಟ್ಟುದು ಕವಿಯ ಕಸದ ಬುಟ್ಟಿಯಲ್ಲಿನ ಕಾಗದಕ್ಕೆ ಸಮಾನ. ಗೆಳೆಯರ ಮನೆಯಲ್ಲಿ ಹಾಡಿದುದು ಖಾಸಗಿ ಪತ್ರಕ್ಕೆ ಸಮಾನ. ಇವೆಲ್ಲವನ್ನೂ ಒಂದೇ ಗೋಣಿಯಲ್ಲಿ ಕಟ್ಟಿ ಗುಪ್ತಮುದ್ರಿಕೆಯೆಂದು ಕರೆಯುವುದರಿಂದ ವಿವೇಚನೆಯು ಮಸುಕಾಗುತ್ತದೆ.

೪. ನೆಲಮಾಳಿಗೆಯ ಟೇಪುಗಳು

೧೯೬೬ನೆಯ ಜುಲೈ ೨೯ರಂದು ವುಡ್‌ಸ್ಟಾಕ್ ಗ್ರಾಮದ ಬಳಿ ಮೋಟಾರ್‌ಸೈಕಲ್ಲಿನಿಂದ ಬಿದ್ದು ಗಾಯಗೊಂಡ ಡಿಲನನು ಸಂಚಾರಗಳನ್ನು ನಿಲ್ಲಿಸಿ ಏಕಾಂತದಲ್ಲಿದ್ದನು. ಮರುವರ್ಷ ಆತನೂ, ಬಳಿಕ 'ದಿ ಬ್ಯಾಂಡ್' ಎಂದು ಪ್ರಸಿದ್ಧರಾದ ವಾದ್ಯಗಾರರೂ ಸೇರಿ, ಮೊದಲು ಅವನ ಮನೆಯಲ್ಲಿಯೂ, ಆಮೇಲೆ ಸಮೀಪದ ವೆಸ್ಟ್ ಸಾಗರ್ಟೀಸಿನಲ್ಲಿ ವಾದ್ಯಗಾರರು ಬಾಡಿಗೆಗೆ ಹಿಡಿದಿದ್ದ ಗುಲಾಬಿಬಣ್ಣದ ಮನೆಯ ನೆಲಮಾಳಿಗೆಯಲ್ಲಿಯೂ ತಿಂಗಳುಗಟ್ಟಲೆ ಹಾಡಿದರು. ಆರ್ಗನ್ ವಾದ್ಯದ ಗಾರ್ತ್ ಹಡ್ಸನನು ಟೇಪ್ ಯಂತ್ರವನ್ನು ನೋಡಿಕೊಳ್ಳುತ್ತಿದ್ದನು. ಹಳೆಯ ಜನಪದಗೀತಗಳು, ಇತರರ ಹಾಡುಗಳು, ಆಗತಾನೆ ಕಟ್ಟಿದ ಹೊಸ ಹಾಡುಗಳು, ವಿನೋದಕ್ಕಾಗಿ ಹಾಡಿ ಅರ್ಧಕ್ಕೆ ಬಿಟ್ಟವು, ಎಲ್ಲವೂ ಸೇರಿ ನೂರಕ್ಕೂ ಹೆಚ್ಚು ಹಾಡುಗಳು ಹೀಗೆ ಟೇಪಿಗೆ ಬಂದುವು. ಇವನ್ನು ತಟ್ಟೆಯಾಗಿ ಹೊರಡಿಸುವ ಉದ್ದೇಶವು ಆಗ ಇರಲಿಲ್ಲ.

ಆದರೆ ಇವುಗಳಲ್ಲಿ ಹದಿನಾಲ್ಕು ಹೊಸ ಹಾಡುಗಳನ್ನು ಆರಿಸಿ, ಇತರ ಗಾಯಕರು ಹಾಡಿಕೊಳ್ಳಲೆಂದು ಪ್ರಕಾಶಕರು ಮಾದರಿತಟ್ಟೆಗಳನ್ನು ಕಳುಹಿಸಿದರು. ಇದರ ಫಲವಾಗಿ ಕವಿಯ ಕಂಠದಲ್ಲಿ ಯಾರೂ ಕೇಳದ ಹಾಡುಗಳು ಅನ್ಯರ ಕಂಠದಲ್ಲಿ ಲೋಕಪ್ರಸಿದ್ಧವಾದುವು. ಪೀಟರ್, ಪಾಲ್ ಮತ್ತು ಮೇರಿ ಎಂಬ ಮೂವರು ೧೯೬೭ರಲ್ಲಿ ಒಂದನ್ನು ಹಾಡಿದರು. ೧೯೬೮ರಲ್ಲಿ ಮ್ಯಾನ್‌ಫ್ರೆಡ್ ಮ್ಯಾನ್ ಮೇಳದವರು ಹಾಡಿದ 'ಮೈಟಿ ಕ್ವಿನ್' ಎಂಬ ಗೀತವು ಇಂಗ್ಲೆಂಡಿನ ಮಾರಾಟದ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೇರಿತು. ಆ ವರ್ಷವೇ ಬರ್ಡ್ಸ್ ಮೇಳದವರೂ, ಜೂಲಿ ಡ್ರಿಸ್ಕಲ್ ಎಂಬ ಗಾಯಕಿಯೂ ತಲಾ ಒಂದನ್ನು ಪ್ರಸಿದ್ಧಿಗೆ ತಂದರು. ಹೀಗಿರಲಾಗಿ ಮೂಲವನ್ನು ಕೇಳಬೇಕೆಂಬ ಕುತೂಹಲವು ಸಹಜವಾಗಿ ಹುಟ್ಟಿತು. ೧೯೬೮ನೆಯ ಜೂನ್ ೨೨ರ 'ರೋಲಿಂಗ್ ಸ್ಟೋನ್' ಪತ್ರಿಕೆಯು ಈ ಟೇಪನ್ನು ಪ್ರಕಟಿಸಬೇಕೆಂದು ತನ್ನ ಮೊದಲ ಪುಟದಲ್ಲಿಯೇ ಒತ್ತಾಯಮಾಡಿತು. ಕಂಪೆನಿಯು ಸುಮ್ಮನಿದ್ದಿತು.

ಈ ಮೌನವನ್ನು ಮುರಿದವರು ಕಳ್ಳಸಂತೆಯವರು. ೧೯೬೯ರ ಬೇಸಗೆಯಲ್ಲಿ ಲಾಸ್ ಏಂಜಲೀಸ್ ನಗರದ ಅಂಗಡಿಗಳಲ್ಲಿ ಎರಡು ತಟ್ಟೆಗಳ ಒಂದು ಕಟ್ಟು ಕಾಣಿಸಿಕೊಂಡಿತು. ಬರಿಯ ಬಿಳಿಯ ಹೊದಿಕೆ. ಗಾಯಕನ ಹೆಸರಿಲ್ಲ, ಕಂಪೆನಿಯ ಹೆಸರಿಲ್ಲ, ಹಾಡುಗಳ ಪಟ್ಟಿಯಿಲ್ಲ. ಜನರು ಅದನ್ನು 'ಗ್ರೇಟ್ ವೈಟ್ ವಂಡರ್' ಎಂದು ಕರೆದರು. ರಾಕ್ ಸಂಗೀತದಲ್ಲಿ ವ್ಯಾಪಕವಾಗಿ ಹರಡಿದ ಮೊದಲನೆಯ ಗುಪ್ತಮುದ್ರಿಕೆ ಇದೇ. ಇದರೊಳಗಿನ ಸಾಮಗ್ರಿಯನ್ನು ಪರಿಶೀಲಿಸಿದರೆ, ಹೆಚ್ಚು ಭಾಗವು ೧೯೬೧ರ ಮಿನಿಯಾಪೊಲಿಸ್ ಟೇಪಿನದು. ಏಳು ಹಾಡುಗಳು ನೆಲಮಾಳಿಗೆಯವು. ಕೆಲವು ಮುದ್ರಣಶಾಲೆಯಲ್ಲಿ ಬಿಟ್ಟವು. ಒಂದು ೧೯೬೯ರ ಟೆಲಿವಿಷನ್ ಪ್ರಸಾರದಿಂದ ತೆಗೆದುದು. ಕಾಲಕ್ರಮವಿಲ್ಲ, ಮೂಲನಿರ್ದೇಶವಿಲ್ಲ. ಎಂಟು ವರ್ಷಗಳ ಅಂತರದಲ್ಲಿ ಹಾಡಿದವುಗಳು ಪಕ್ಕಪಕ್ಕದಲ್ಲಿಯೇ ಕುಳಿತಿರುವುವು. ಬೇರೆ ಬೇರೆ ಕಟ್ಟುಗಳ ಗರಿಗಳನ್ನು ಒಂದೇ ದಾರದಲ್ಲಿ ಪೋಣಿಸಿದ ಓಲೆಯ ಕಟ್ಟನ್ನು ಬಿಚ್ಚಿ ನೋಡಿದವರಿಗೆ ಇದರ ಸ್ಥಿತಿಯು ಚೆನ್ನಾಗಿ ಅರ್ಥವಾಗುವುದು.

೫. ಕಾನೂನಿನ ಸ್ಥಿತಿ

ಇಂತಹ ವ್ಯಾಪಾರವು ಬಹಿರಂಗವಾಗಿ ನಡೆಯುವುದಕ್ಕೆ ಕಾನೂನಿನಲ್ಲಿದ್ದ ಒಂದು ಬಿರುಕು ಕಾರಣವಾಯಿತು. ಅಮೆರಿಕದ ೧೯೦೯ರ ಕೃತಿಸ್ವಾಮ್ಯ ಶಾಸನವು ಹಾಡಿನ ಸಾಹಿತ್ಯಕ್ಕೂ ರಾಗರಚನೆಗೂ ರಕ್ಷಣೆಯನ್ನು ಕೊಟ್ಟಿದ್ದಿತೇ ಹೊರತು, ತಟ್ಟೆಯಲ್ಲಿ ಮುದ್ರಿತವಾದ ಧ್ವನಿಗೆ ಕೊಟ್ಟಿರಲಿಲ್ಲ. ಆ ಕಾಲದ ನ್ಯಾಯಶಾಸ್ತ್ರದ ದೃಷ್ಟಿಯಲ್ಲಿ ಕಣ್ಣಿಗೆ ಕಾಣುವ ಲಿಪಿಯು ಕೃತಿ. ಯಂತ್ರವು ಓದುವ ಗೆರೆಯು ಕೃತಿಯಲ್ಲ. ೧೯೭೧ರಲ್ಲಿ ಅಂಗೀಕೃತವಾದ ತಿದ್ದುಪಡಿಯು ಧ್ವನಿಮುದ್ರಣಕ್ಕೂ ಸ್ವಾಮ್ಯವನ್ನು ಕೊಟ್ಟಿತು. ಆದರೆ ಅದು ೧೯೭೨ನೆಯ ಫೆಬ್ರವರಿ ೧೫ರಿಂದ ಈಚೆಗೆ ಮುದ್ರಿತವಾದವುಗಳಿಗೆ ಮಾತ್ರ ಅನ್ವಯಿಸುತ್ತಿದ್ದಿತು. ಅದಕ್ಕೆ ಹಿಂದಿನವುಗಳ ರಕ್ಷಣೆಯು ಆಯಾ ಸಂಸ್ಥಾನಗಳ ಶಾಸನಗಳಿಗೆ ಬಿಟ್ಟಿದ್ದಿತು. ಸಂಸ್ಥಾನಗಳಿಗೆ ಈ ಅಧಿಕಾರವುಂಟೆಂದು ೧೯೭೩ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿತು.

ಎಲ್ವಿಸ್ ಪ್ರೆಸ್ಲಿಯ ಗುಪ್ತಮುದ್ರಿಕೆಗಳ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು ೧೯೮೫ರಲ್ಲಿ ಕೊಟ್ಟ ತೀರ್ಪು ಇನ್ನೂ ಗಮನಾರ್ಹವಾದುದು. ಅನುಮತಿಯಿಲ್ಲದೆ ಮಾಡಿದ ತಟ್ಟೆಗಳನ್ನು ಸಂಸ್ಥಾನದಿಂದ ಸಂಸ್ಥಾನಕ್ಕೆ ಸಾಗಿಸುವುದು ಕೃತಿಸ್ವಾಮ್ಯದ ಉಲ್ಲಂಘನೆಯಾಗಬಹುದಾದರೂ, ಆ ತಟ್ಟೆಗಳು ಕಳವಿನ ಸರಕು ಎಂಬ ಶಾಸನದ ಮಾತಿಗೆ ಒಳಪಡವು ಎಂಬುದು ಅದರ ತಾತ್ಪರ್ಯ. ಪದಾರ್ಥವನ್ನು ಕದ್ದರೆ ಒಡೆಯನ ಬಳಿ ಪದಾರ್ಥವಿರುವುದಿಲ್ಲ. ಹಾಡನ್ನು ಪ್ರತಿಮಾಡಿದರೆ ಒಡೆಯನ ಬಳಿ ಹಾಡು ಇದ್ದೇ ಇರುತ್ತದೆ. ಈ ಭೇದವನ್ನು ನ್ಯಾಯಾಲಯವು ಅಂಗೀಕರಿಸಿತು. ೧೯೯೪ರಲ್ಲಿ ಅಮೆರಿಕವು ಕಚೇರಿಗಳನ್ನು ಅನುಮತಿಯಿಲ್ಲದೆ ಮುದ್ರಿಸಿ ಹಂಚುವುದನ್ನೇ ನಿಷೇಧಿಸುವ ಶಾಸನವನ್ನು ಮಾಡಿತು. ಕಾನೂನು ಹೀಗೆ ಬಿಗಿಯಾಗುತ್ತ ಬಂದರೂ ಸಂಗ್ರಹವು ನಿಲ್ಲಲಿಲ್ಲ. ಮಾರಾಟವು ಮಾತ್ರ ಇನ್ನಷ್ಟು ಮರೆಗೆ ಸರಿಯಿತು.

೬. ಸಂಗ್ರಾಹಕರ ವಿಧಾನ

ತಟ್ಟೆಗಳನ್ನು ಅಚ್ಚುಹಾಕಿ ಮಾರಿದವರು ಬೇರೆ, ಟೇಪುಗಳನ್ನು ಕೂಡಿಹಾಕಿ ಅಭ್ಯಾಸಮಾಡಿದವರು ಬೇರೆ. ಎರಡು ಗುಂಪುಗಳೂ ಒಂದನ್ನೊಂದು ಅವಲಂಬಿಸಿದ್ದರೂ ಅವರ ನಡತೆಯಲ್ಲಿ ಭೇದವಿದ್ದಿತು. ಟೇಪುಗಳನ್ನು ಹಣಕ್ಕೆ ಮಾರದೆ ಒಂದಕ್ಕೊಂದರಂತೆ ವಿನಿಮಯಮಾಡಿಕೊಳ್ಳಬೇಕೆಂಬುದು ಸಂಗ್ರಾಹಕರಲ್ಲಿ ಬೆಳೆದ ಅಲಿಖಿತ ನಿಯಮ. ಅಂಚೆಯ ಮೂಲಕ ದೇಶದೇಶಗಳಿಗೆ ಟೇಪುಗಳು ಹೋಗಿಬರುತ್ತಿದ್ದುವು.

ಪ್ರತಿಯಿಂದ ಪ್ರತಿಯಾದಂತೆಲ್ಲ ಟೇಪಿನಲ್ಲಿ ಗಾಳಿಯ ಸದ್ದಿನಂತಹ ಹಿಸ್ಸೆಂಬ ಶಬ್ದವು ಹೆಚ್ಚುವುದು. ಯಂತ್ರಗಳ ವೇಗದಲ್ಲಿ ವ್ಯತ್ಯಾಸವಿದ್ದರೆ ಶ್ರುತಿಯು ಏರುವುದು ಇಲ್ಲವೆ ಇಳಿಯುವುದು. ಆದುದರಿಂದ ಒಂದು ಟೇಪು ಮಾತೃಕೆಯಿಂದ ಎಷ್ಟನೆಯ ತಲೆಮಾರಿನದು ಎಂಬುದನ್ನು ತಿಳಿಯುವುದು ಸಂಗ್ರಾಹಕರಿಗೆ ಮುಖ್ಯವಾಯಿತು. ಲಿಪಿಕಾರನ ಪ್ರತಿಯಲ್ಲಿ ಆಗುವ ಸ್ಖಾಲಿತ್ಯಕ್ಕೂ ಇದಕ್ಕೂ ಒಂದು ಭೇದವುಂಟು. ಲಿಪಿಕಾರನು ಅರಿಯದ ಪದವನ್ನು ಅರಿತ ಪದವಾಗಿ ತಿದ್ದಿಬಿಡಬಲ್ಲನು. ಟೇಪು ಹಾಗೆ ತಿದ್ದದು. ಅದು ಮಸುಕಾಗಿಸುವುದೇ ಹೊರತು ಸುಳ್ಳು ಹೇಳುವುದಿಲ್ಲ. ಸುಳ್ಳು ಹೊಗುವುದು ಕೇಳಿ ಬರೆದುಕೊಳ್ಳುವವನ ಕಿವಿಯಲ್ಲಿ. ನೆಲಮಾಳಿಗೆಯ ಟೇಪುಗಳಲ್ಲಿರುವ 'ಐಯಾಮ್ ನಾಟ್ ದೇರ್' ಎಂಬ ಹಾಡಿನ ಮಾತುಗಳು ಅನೇಕ ಕಡೆಗಳಲ್ಲಿ ಅಸ್ಪಷ್ಟವಾಗಿರುವುದರಿಂದ, ಅದನ್ನು ಲಿಪಿಗಿಳಿಸಿದವರು ತಮ್ಮ ತಮ್ಮ ಊಹೆಯಂತೆ ಬೇರೆ ಬೇರೆ ಪಾಠಗಳನ್ನು ಕೊಟ್ಟಿರುವರು. ೨೦೦೭ರಲ್ಲಿ ಅದೇ ಹೆಸರಿನ ಚಲಚ್ಚಿತ್ರದೊಡನೆ ಆ ಹಾಡು ಮೊದಲನೆಯ ಬಾರಿಗೆ ಅಧಿಕೃತವಾಗಿ ಹೊರಬಂದಾಗಲೂ ಈ ತೊಡಕು ಬಿಡಿಯಲಿಲ್ಲ.

ಕಾಲಸ್ಥಳನಿರ್ಣಯದಲ್ಲಿ ಸಂಗ್ರಾಹಕರು ಎದುರಿಸಿದ ಕಷ್ಟಕ್ಕೆ ಇನ್ನೊಂದು ನಿದರ್ಶನವುಂಟು. ೧೯೭೦ರ ಸುಮಾರಿನಲ್ಲಿ, ಡಿಲನನ ೧೯೬೬ರ ಇಂಗ್ಲೆಂಡಿನ ಸಂಚಾರದ ಕಚೇರಿಯೊಂದು ಗುಪ್ತಮುದ್ರಿಕೆಯಾಗಿ ಹೊರಟಿತು. ಅದು ಲಂಡನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಡೆದುದೆಂದು ಎಲ್ಲರೂ ನಂಬಿದರು. ವಿದ್ಯುದ್ವಾದ್ಯಗಳನ್ನು ಮೆಚ್ಚದ ಸಭಿಕನೊಬ್ಬನು ಗಾಯಕನನ್ನು ಜೂಡಾಸ್ ಎಂದು ಕೂಗಿ ನಿಂದಿಸುವುದು ಈ ಮುದ್ರಿಕೆಯಲ್ಲಿಯೇ ಕೇಳಿಬರುವುದು. ವರ್ಷಗಳ ಚರ್ಚೆಯ ಮೇಲೆ, ಅದು ಲಂಡನಿನದಲ್ಲ, ೧೯೬೬ನೆಯ ಮೇ ೧೭ರಂದು ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲಿನಲ್ಲಿ ನಡೆದ ಕಚೇರಿಯೆಂಬುದು ನಿರ್ಧಾರವಾಯಿತು. ಕಂಪೆನಿಯು ೧೯೯೮ರಲ್ಲಿ ಇದನ್ನು ಪ್ರಕಟಿಸಿದಾಗ ರೂಢಿಯ ತಪ್ಪು ಹೆಸರನ್ನು ಬಿಡಲಾರದೆ, ಅದನ್ನು ಉದ್ಧರಣಚಿಹ್ನೆಗಳೊಳಗಿಟ್ಟು ಮುಖಪತ್ರದಲ್ಲಿ ಅಚ್ಚುಮಾಡಿತು. ಲಂಡನಿನಲ್ಲಿ ನಿಜವಾಗಿ ನಡೆದ ಕಚೇರಿಯು ೨೦೧೬ರಲ್ಲಿ ಬೇರೆಯಾಗಿ ಹೊರಟಿತು. ತಪ್ಪು ಪುಷ್ಪಿಕೆಯೊಂದು ಗ್ರಂಥದ ಹೆಸರನ್ನೇ ನುಂಗಿದ ಇಂತಹ ಸಂದರ್ಭಗಳು ಹಸ್ತಪ್ರತಿಗಳ ಅಭ್ಯಾಸಿಗಳಿಗೆ ಅಪರಿಚಿತವಲ್ಲ.

ಈ ಶ್ರಮದಿಂದ ಒಂದು ಶಾಸ್ತ್ರವೇ ಬೆಳೆಯಿತು. ಪಾಲ್ ಕೇಬಲನು ೧೯೭೮ರಲ್ಲಿ ಡಿಲನನ ಅಪ್ರಕಟಿತ ಮುದ್ರಿಕೆಗಳ ಮೇಲೆಯೇ ಒಂದು ಗ್ರಂಥವನ್ನು ಬರೆದನು. ೧೯೮೧ರಲ್ಲಿ ಜಾನ್ ಬಾಲ್ಡಿಯು ಇಂಗ್ಲೆಂಡಿನಲ್ಲಿ ಆರಂಭಿಸಿದ 'ದಿ ಟೆಲಿಗ್ರಾಫ್' ಎಂಬ ಪತ್ರಿಕೆಯು ಇಂತಹ ವಿಚಾರಗಳಿಗೆ ವೇದಿಕೆಯಾಯಿತು. ಡೆನ್ಮಾರ್ಕಿನ ಮೈಕೇಲ್ ಕ್ರೋಗ್ಸ್‌ಗಾರ್ಡನು ಮುದ್ರಣಗಳ ದಿನಾಂಕ, ಸ್ಥಳ, ಸಹವಾದಕರುಗಳನ್ನು ಕ್ರಮವಾಗಿ ಪಟ್ಟಿಮಾಡಿದನು. ಕ್ಲಿಂಟನ್ ಹೇಲಿನನು ೧೯೯೪ರಲ್ಲಿ ಗುಪ್ತಮುದ್ರಿಕೆಗಳ ಚರಿತ್ರೆಯನ್ನೇ ಬರೆದನು. ಕಂಪೆನಿಯು ತನ್ನ ಉಗ್ರಾಣದಲ್ಲಿರುವುದನ್ನು ಬಹಿರಂಗಪಡಿಸದೆ ಇದ್ದ ಕಾಲದಲ್ಲಿ ಅದರ ಸೂಚೀಪತ್ರವನ್ನು ಹೊರಗಿನವರು ಸಿದ್ಧಪಡಿಸುತ್ತಿದ್ದರು.

೭. ಅಧಿಕೃತ ಪಾಠವೂ ಗುಪ್ತ ಪಾಠವೂ

ಅಧಿಕೃತವಾದುದು ಶುದ್ಧವೆಂದೂ ಅನಧಿಕೃತವಾದುದು ಅಶುದ್ಧವೆಂದೂ ಭಾವಿಸುವುದು ಸಾಮಾನ್ಯ. ಈ ಭಾವನೆಯು ಎಲ್ಲ ಕಡೆಯಲ್ಲಿಯೂ ನಿಲ್ಲದು. ೧೯೭೫ರಲ್ಲಿ ಕೊಲಂಬಿಯ ಕಂಪೆನಿಯು 'ದಿ ಬೇಸ್‌ಮೆಂಟ್ ಟೇಪ್ಸ್' ಎಂಬ ಹೆಸರಿನಲ್ಲಿ ೨೪ ಹಾಡುಗಳನ್ನು ಹೊರಡಿಸಿತು. ಇವುಗಳಲ್ಲಿ ಎಂಟು ಹಾಡುಗಳು ಡಿಲನನವಲ್ಲ, ಬ್ಯಾಂಡ್ ಮೇಳದವರವು. ಅವುಗಳಲ್ಲಿಯೂ ಕೆಲವು ನೆಲಮಾಳಿಗೆಯಲ್ಲಿ ಹಾಡಿದವಲ್ಲ. ಹಳೆಯ ಟೇಪುಗಳ ಮೇಲೆ ೧೯೭೫ರಲ್ಲಿ ಹೊಸ ವಾದ್ಯಗಳನ್ನು ಸೇರಿಸಿದ ಕಡೆಗಳೂ ಉಂಟು. ಅಲ್ಲದೆ, 'ಐ ಷಲ್ ಬಿ ರಿಲೀಸ್ಡ್', 'ಸೈನ್ ಆನ್ ದ ಕ್ರಾಸ್', 'ಐಯಾಮ್ ನಾಟ್ ದೇರ್' ಮೊದಲಾದ ಮುಖ್ಯ ಗೀತಗಳೇ ಅದರಲ್ಲಿ ಇರಲಿಲ್ಲ. ಇದು ಸಂಪಾದಕನು ತನ್ನ ರುಚಿಗೆ ತಕ್ಕಂತೆ ಪ್ರಕ್ಷಿಪ್ತಗಳನ್ನು ಸೇರಿಸಿ, ಬೇಡವೆಂದು ತೋರಿದ ಪದ್ಯಗಳನ್ನು ಕೈಬಿಟ್ಟು ಅಚ್ಚುಹಾಕಿಸಿದ ಗ್ರಂಥದಂತೆ ಆಯಿತು. ಮೂಲದ ಸ್ವರೂಪವನ್ನು ಹೆಚ್ಚು ನಿಷ್ಠೆಯಿಂದ ಉಳಿಸಿಕೊಂಡಿದ್ದುವು ಮಸುಕಾದ ಗುಪ್ತ ಟೇಪುಗಳೇ.

೧೯೯೦ರ ದಶಕದ ಆರಂಭದಲ್ಲಿ ಈ ಟೇಪುಗಳ ಬಹುಭಾಗವು ಐದು ಸಂಪುಟಗಳ ಗುಪ್ತಮುದ್ರಿಕೆಯಾಗಿ ಹರಡಿತು. ಗ್ರೀಲ್ ಮಾರ್ಕಸನು ೧೯೯೭ರಲ್ಲಿ ನೆಲಮಾಳಿಗೆಯ ಟೇಪುಗಳನ್ನು ಕುರಿತು ಬರೆದ ವಿಮರ್ಶಾಗ್ರಂಥವು, ಆ ಹಾಡುಗಳಲ್ಲಿ ಅನೇಕವು ಗುಪ್ತಮುದ್ರಿಕೆಗಳಲ್ಲಿ ಮಾತ್ರವೇ ಕೇಳಲು ದೊರೆಯುತ್ತಿದ್ದ ಕಾಲದಲ್ಲಿ ಹೊರಟುದು. ಸಂಗ್ರಾಹಕರಿಲ್ಲದೆ ಇದ್ದಿದ್ದರೆ ಆ ಗ್ರಂಥಕ್ಕೆ ವಸ್ತುವೇ ಇರುತ್ತಿರಲಿಲ್ಲ. ಕೊನೆಗೆ ೨೦೧೪ರಲ್ಲಿ, ಹಡ್ಸನನು ಕಾಪಾಡಿಕೊಂಡಿದ್ದ ಮೂಲ ಟೇಪುಗಳಿಂದ ೧೩೮ ಮುದ್ರಿಕೆಗಳನ್ನು ಆರು ತಟ್ಟೆಗಳಲ್ಲಿ, ಹೆಚ್ಚುಕಡಿಮೆ ಅವನೇ ಹಾಕಿದ ಅನುಕ್ರಮಸಂಖ್ಯೆಯಂತೆ ಜೋಡಿಸಿ, ಮೇಲುಸೇರ್ಪಡೆಗಳಿಲ್ಲದೆ ಪ್ರಕಟಿಸಲಾಯಿತು. ಹಾಡಿದ ನಲವತ್ತೇಳು ವರ್ಷಗಳ ಮೇಲೆ ಪ್ರಾಮಾಣಿಕವಾದ ಆವೃತ್ತಿಯು ಬಂದಿತು. ಆ ನಲವತ್ತೇಳು ವರ್ಷಗಳಲ್ಲಿ ಅದರ ಅಸ್ತಿತ್ವವನ್ನು ಲೋಕಕ್ಕೆ ಮರೆಯಗೊಡದೆ ಇದ್ದವರು ಸಂಗ್ರಾಹಕರು.

ಗೀತದ ಬೆಳವಣಿಗೆಯನ್ನು ತಿಳಿಯುವುದಕ್ಕೂ ಈ ಸಾಮಗ್ರಿಯು ಉಪಯುಕ್ತ. 'ಬ್ಲಡ್ ಆನ್ ದ ಟ್ರ್ಯಾಕ್ಸ್' ಎಂಬ ತಟ್ಟೆಯನ್ನು ಡಿಲನನು ೧೯೭೪ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಮುದ್ರಿಸಿದನು, ಪರೀಕ್ಷಾತಟ್ಟೆಗಳೂ ಸಿದ್ಧವಾದುವು. ಬಳಿಕ ಡಿಸೆಂಬರಿನಲ್ಲಿ ಮಿನಿಯಾಪೊಲಿಸಿಗೆ ಹೋಗಿ ಐದು ಹಾಡುಗಳನ್ನು ಮತ್ತೆ ಹಾಡಿದನು. ೧೯೭೫ರ ಜನವರಿಯಲ್ಲಿ ಹೊರಟುದು ಈ ಮಿಶ್ರರೂಪ. ಸಂಗ್ರಾಹಕರ ಕೈಸೇರಿದ ಪರೀಕ್ಷಾತಟ್ಟೆಯಿಂದ ಪೂರ್ವಪಾಠವು ತಿಳಿದುಬಂದಿತು. 'ಟ್ಯಾಂಗಲ್ಡ್ ಅಪ್ ಇನ್ ಬ್ಲೂ' ಎಂಬ ಗೀತದ ಪೂರ್ವಪಾಠದಲ್ಲಿ ಕೆಲವು ಕಡೆ ಪ್ರಥಮಪುರುಷದಲ್ಲಿ, ಎಂದರೆ 'ಅವನು' ಎಂದು, ಇದ್ದುದು ಪ್ರಕಟಿತ ಪಾಠದಲ್ಲಿ 'ನಾನು' ಎಂದು ಮಾರ್ಪಟ್ಟಿದೆ. ಒಂದು ಸರ್ವನಾಮದ ಈ ಬದಲಾವಣೆಯಿಂದ ಕಥೆಯು ಆತ್ಮನಿವೇದನೆಯಾಗುವ ಬಗೆಯನ್ನು ತರಗತಿಯಲ್ಲಿ ತೋರಿಸುವ ಅಧ್ಯಾಪಕನಿಗೆ ಎರಡು ಪಾಠಗಳೂ ಬೇಕು. ಕವಿಯು ತಿದ್ದಿದನೆಂದು ಹೇಳುವುದು ಸುಲಭ. ಹೇಗೆ ತಿದ್ದಿದನೆಂದು ಕಾಣಿಸಲು ತಿದ್ದುವ ಮೊದಲಿನ ಪ್ರತಿಯೇ ಆಧಾರ.

೮. ಆಕ್ಷೇಪವೂ ಸಮಾಧಾನವೂ

ಇಷ್ಟು ಪ್ರಯೋಜನವುಂಟೆಂದ ಮಾತ್ರಕ್ಕೆ ಗುಪ್ತಸಂಗ್ರಹವು ನಿರ್ದೋಷವಾದುದೆಂದು ಹೇಳಲಾಗದು. ಗೆಳೆಯರ ನಡುವೆ ನಿಶ್ಚಿಂತನಾಗಿ ಹಾಡುವವನಿಗೆ, ತನ್ನ ಪ್ರತಿಯೊಂದು ತಡವರಿಕೆಯೂ ಅಂಗಡಿಗೆ ಹೋಗುವುದೆಂಬ ಶಂಕೆಯುಂಟಾದರೆ, ಆ ನಿಶ್ಚಿಂತತೆಯೇ ನಾಶವಾಗುವುದು. ೧೯೮೫ರಲ್ಲಿ ಹೊರಟ 'ಬಯಾಗ್ರಾಫ್' ಎಂಬ ೫೩ ಹಾಡುಗಳ ಸಂಕಲನದ ಜೊತೆಯ ಪುಸ್ತಿಕೆಯಲ್ಲಿ ಡಿಲನನು ಗುಪ್ತಮುದ್ರಿಕೆಗಳ ವಿಷಯದಲ್ಲಿ ತನ್ನ ಅಸಮಾಧಾನವನ್ನು ಮರೆಮಾಚಲಿಲ್ಲ. ತ್ಯಾಜ್ಯವಾದುದನ್ನು ತ್ಯಜಿಸುವುದೂ ಕವಿಕರ್ಮದ ಒಂದು ಅಂಗ. ಹಳೆಗನ್ನಡದ ಓಲೆಯನ್ನು ಪ್ರತಿಮಾಡಿದ ಲಿಪಿಕಾರನಿಗೂ ಈ ಸಂಗ್ರಾಹಕನಿಗೂ ಇರುವ ಮುಖ್ಯ ಭೇದವು ಇಲ್ಲಿಯೇ ಉಂಟು. ಲಿಪಿಕಾರನು ಕವಿಯು ಒಪ್ಪಿ ಲೋಕಕ್ಕಿತ್ತ ಕಾವ್ಯವನ್ನು ಉಳಿಸಿದನು. ಸಂಗ್ರಾಹಕನು ಬದುಕಿರುವ ಕವಿಯು ಕೊಡಲೊಪ್ಪದುದನ್ನು ಹರಡಿದನು.

ಇದಕ್ಕೆ ಎದುರಾಗಿ ಇನ್ನೊಂದು ಸಂಗತಿಯನ್ನು ಇಡಬೇಕಾಗುತ್ತದೆ. ಡಿಲನನು ೧೯೮೩ರಲ್ಲಿ 'ಬ್ಲೈಂಡ್ ವಿಲ್ಲಿ ಮೆಕ್‌ಟೆಲ್' ಎಂಬ ಗೀತವನ್ನು ಮುದ್ರಿಸಿ, ಆ ವರ್ಷದ 'ಇನ್ಫಿಡೆಲ್ಸ್' ಎಂಬ ತಟ್ಟೆಗೆ ಸೇರಿಸದೆ ಬಿಟ್ಟನು. ಅದು ಸಂಗ್ರಾಹಕರಲ್ಲಿ ಹರಡಿ, ಅವನ ಅತ್ಯುತ್ತಮ ಕೃತಿಗಳಲ್ಲಿ ಒಂದೆಂಬ ಕೀರ್ತಿಯನ್ನು ಪಡೆಯಿತು. ೧೯೯೧ರಲ್ಲಿ ಕಂಪೆನಿಯು ಗುಪ್ತಮುದ್ರಿಕೆಯ ಹೆಸರನ್ನೇ ಎರವಲು ಪಡೆದು 'ದಿ ಬೂಟ್‌ಲೆಗ್ ಸೀರೀಸ್' ಎಂಬ ಅಧಿಕೃತ ಮಾಲೆಯನ್ನು ಪ್ರಾರಂಭಿಸಿದಾಗ, ಮೊದಲ ಮೂರು ಸಂಪುಟಗಳ ೫೮ ಹಾಡುಗಳಲ್ಲಿ ಇದೂ ಒಂದಾಯಿತು. ೧೯೯೩ರಲ್ಲಿ ಬ್ಯಾಂಡ್ ಮೇಳದವರು ಇದನ್ನು ಹಾಡಿದರು. ೧೯೯೭ರಿಂದ ಡಿಲನನೇ ತನ್ನ ಕಚೇರಿಗಳಲ್ಲಿ ಹಾಡಲಾರಂಭಿಸಿದನು. ಕವಿಯು ತಳ್ಳಿಹಾಕಿದ ಕೃತಿಯು ಸಹೃದಯರ ಕೈಯಿಂದ ತಿರುಗಿ ಕವಿಯ ಬಳಿಗೇ ಬಂದಿತು. ತ್ಯಾಗಕಾಲದಲ್ಲಿ ಕವಿಯು ಕೊಡುವ ತೀರ್ಪು ಯಾವಾಗಲೂ ಅವನ ಕಡೆಯ ತೀರ್ಪಲ್ಲವೆಂಬುದು ಇದರಿಂದ ಸಿದ್ಧ. ಆದರೆ ಕವಿಯು ಆಮೇಲೆ ಒಪ್ಪಿದನೆಂಬುದು, ಅವನು ಒಪ್ಪುವ ಮೊದಲು ಕೊಂಡೊಯ್ದುದಕ್ಕೆ ನ್ಯಾಯವನ್ನು ಒದಗಿಸುವುದಿಲ್ಲ. ಫಲವು ಒಳ್ಳೆಯದಾದುದರಿಂದ ಕರ್ಮವು ಒಳ್ಳೆಯದಾಯಿತೆಂದು ವಾದಿಸಿದರೆ, ಯಾವ ಕವಿಯ ಪೆಟ್ಟಿಗೆಗೂ ಬೀಗವಿರದು.

ಕಾನೂನೂ ಕಂಪೆನಿಯೂ ಕ್ರಮೇಣ ಸಂಗ್ರಾಹಕರ ದಾರಿಗೇ ಬಂದ ಬಗೆಯು ಕುತೂಹಲಕರವಾಗಿದೆ. ೨೦೧೧ರಲ್ಲಿ ಯುರೋಪಿನ ಒಕ್ಕೂಟವು ಧ್ವನಿಮುದ್ರಣಗಳ ಸ್ವಾಮ್ಯವನ್ನು ೫೦ ವರ್ಷಗಳಿಂದ ೭೦ಕ್ಕೆ ಏರಿಸಿತು. ಆದರೆ ಐವತ್ತು ವರ್ಷಗಳೊಳಗಾಗಿ ಪ್ರಕಟವಾಗದೆ ಇದ್ದವುಗಳಿಗೆ ಈ ಲಾಭವು ದೊರೆಯುವಂತಿರಲಿಲ್ಲ. ಆದುದರಿಂದ ೨೦೧೨ರ ಕೊನೆಯಲ್ಲಿ, ಕೊಲಂಬಿಯದ ಒಡೆತನವನ್ನು ಪಡೆದಿದ್ದ ಸೋನಿ ಸಂಸ್ಥೆಯು ಡಿಲನನ ೧೯೬೨ರ ಅಪ್ರಕಟಿತ ಮುದ್ರಿಕೆಗಳನ್ನು ಸುಮಾರು ನೂರು ಪ್ರತಿಗಳಷ್ಟೇ ಮಾಡಿ ಯುರೋಪಿನಲ್ಲಿ ಹೊರಡಿಸಿತು. ಕೇಳುಗರಿಗೆ ತಲುಪಿಸುವುದಕ್ಕಿಂತಲೂ ಸ್ವಾಮ್ಯವನ್ನು ಉಳಿಸಿಕೊಳ್ಳುವುದೇ ಇದರ ಗುರಿಯೆಂಬುದು ಆ ಸಂಪುಟದ ಹೆಸರಿನಲ್ಲಿಯೇ ಕಾಣುತ್ತದೆ. ಅಪ್ರಕಟಿತವಾದುದನ್ನು ಅತ್ಯಲ್ಪ ಪ್ರತಿಗಳಲ್ಲಿ, ಆಡಂಬರವಿಲ್ಲದ ಹೊದಿಕೆಯಲ್ಲಿ ಹೊರಡಿಸುವ ಕೆಲಸವು ಹಿಂದೆ ಕಳ್ಳಮುದ್ರಕರದಾಗಿದ್ದಿತು. ಈಗ ಅದನ್ನು ಒಡೆಯನೇ ಮಾಡಬೇಕಾಯಿತು.

೯. ಉಪಸಂಹಾರ

೨೦೧೬ರಲ್ಲಿ ಡಿಲನನ ಹಸ್ತಪ್ರತಿಗಳು, ಟೇಪುಗಳು ಮೊದಲಾದ ದಾಖಲೆಗಳು ಒಕ್ಲಹೋಮ ಸಂಸ್ಥಾನದ ಟಲ್ಸ ನಗರವನ್ನು ಸೇರಿದುವು. ೨೦೨೨ನೆಯ ಮೇ ತಿಂಗಳಲ್ಲಿ ಅಲ್ಲಿ ಅವನ ಹೆಸರಿನ ಕೇಂದ್ರವು ಸಾರ್ವಜನಿಕರಿಗೆ ತೆರೆಯಿತು. ಹಿಂದೆ ಅಂಚೆಯ ಪೊಟ್ಟಣಗಳಲ್ಲಿ ಗುಟ್ಟಾಗಿ ಹೋಗಿಬರುತ್ತಿದ್ದ ಸಾಮಗ್ರಿಗೆ ಈಗ ಸೂಚೀಪತ್ರವೂ ಪಾಲಕರೂ ಇರುವರು.

ಈ ಚರಿತ್ರೆಯಿಂದ ಹೊರಡುವ ಸಿದ್ಧಾಂತವನ್ನು ಸಂಗ್ರಹವಾಗಿ ಹೇಳಬಹುದು. ಕೂಡಿಡುವುದು, ಹರಡುವುದು, ಮಾರುವುದು ಎಂಬ ಮೂರು ಕ್ರಿಯೆಗಳನ್ನು ಒಂದೇ ಹೆಸರಿನಿಂದ ನಿಂದಿಸುವುದೂ ಸರಿಯಲ್ಲ, ಒಂದೇ ಹೆಸರಿನಿಂದ ಹೊಗಳುವುದೂ ಸರಿಯಲ್ಲ. ಕೂಡಿಟ್ಟವನಿಂದ ನಷ್ಟಹೊಂದಿದವರು ವಿರಳ, ಲಾಭಹೊಂದಿದವರು ಅನೇಕರು. ಮಾರಿದವನು ಕವಿಗೆ ಸಲ್ಲತಕ್ಕುದನ್ನು ತಾನು ಪಡೆದನು. ಹರಡಿದವನು ಇವರಿಬ್ಬರ ನಡುವೆ ನಿಂತಿರುವನು; ಅವನ ಕಾರ್ಯವು ಯುಕ್ತವೋ ಅಯುಕ್ತವೋ ಎಂಬುದು, ಅವನು ಹರಡಿದುದು ಬಹಿರಂಗದ ಕಚೇರಿಯೋ ಖಾಸಗಿಯ ಹಾಡೋ ಎಂಬುದನ್ನು ಅವಲಂಬಿಸಿರುವುದು. ರಕ್ಷಿಸುವ ಕರ್ತವ್ಯವು ಯಾರಿಗೆ ಸೇರಿದ್ದಿತೋ ಅವರು ಅದನ್ನು ಉದಾಸೀನಮಾಡಿದರೆ, ಅಧಿಕಾರವಿಲ್ಲದವರು ಅದನ್ನು ಕೈಗೊಳ್ಳುವರು. ಕೈಗೊಂಡಾಗ ಅಪರಾಧದ ಸೋಂಕು ಅದಕ್ಕೆ ತಗಲದೆ ಇರದು. ಇದನ್ನು ತಪ್ಪಿಸುವ ಉಪಾಯವೆಂದರೆ ಶಿಕ್ಷೆಯನ್ನು ಹೆಚ್ಚಿಸುವುದಲ್ಲ. ಕವಿಯ ಸಮ್ಮತಿಯಿಂದ, ಕವಿಯ ಕಾಲದಲ್ಲಿಯೇ, ಬಿಟ್ಟುದನ್ನೂ ತೊಟ್ಟುದನ್ನೂ ಭೇದವಿಲ್ಲದೆ ಕಾಪಾಡಿ, ಯಾವುದನ್ನು ಯಾವಾಗ ತೆರೆಯಬೇಕೆಂಬ ನಿರ್ಣಯವನ್ನು ಅವನಿಂದಲೇ ಬರೆಯಿಸಿಟ್ಟುಕೊಳ್ಳುವ ಭಂಡಾರಗಳನ್ನು ಸ್ಥಾಪಿಸುವುದು. ಹಾಡಿನ ಹಕ್ಕು ಹಾಡಿದವನದು. ಅದು ಅಳಿಯದಂತೆ ನೋಡಿಕೊಳ್ಳುವ ಹೊಣೆಯು ಮಾತ್ರ ಅವನೊಬ್ಬನದಲ್ಲ.